ಕೆಲಸವಿಲ್ಲದಾಗ ಮಲಗಲಿ ಮನೆಯ ಸರ್ವರ್

ಫೋಟೊ, ವಿಡಿಯೊ, ದಾಖಲೆಗಳನ್ನು ಕಾಪಿಡುವ ‘ನ್ಯಾಸ್’ ಪೆಟ್ಟಿಗೆ ದಿನದ 24 ಗಂಟೆಯೂ ಎಚ್ಚರವಾಗಿರಬೇಕೆಂದಿಲ್ಲ. ಬಳಕೆ ನಿಂತಾಗ ತಾನಾಗಿ ಆರಿ, ಬೇಕೆಂದಾಗ ಏಳುವಂತೆ ಅದನ್ನು ಸಜ್ಜುಗೊಳಿಸಬಹುದು. ಬಳಕೆ ನಿಜಕ್ಕೂ ನಿಂತಿದೆಯೇ ಎಂದು ಗುರುತಿಸುವುದೇ ಇಲ್ಲಿನ ಕಷ್ಟದ ಭಾಗ.

ಮೊಬೈಲ್‌ನಲ್ಲಿ ಜಾಗ ತುಂಬಿದಾಗಲೆಲ್ಲ ಫೋಟೊ ಅಳಿಸಿ ಬೇಸತ್ತವರು, ಕ್ಲೌಡ್‌ಗೆ ತಿಂಗಳ ಬಾಡಿಗೆ ಕಟ್ಟಲು ಮನಸ್ಸಿಲ್ಲದವರು, ಮದುವೆ–ನಾಮಕರಣಗಳ ವಿಡಿಯೊಗಳೆಲ್ಲ ಒಂದೇ ಕಡೆ ಇರಲಿ ಎನ್ನುವವರು ಮನೆಯಲ್ಲೇ ಒಂದು ಸಂಗ್ರಹ ಪೆಟ್ಟಿಗೆ ಇಟ್ಟುಕೊಳ್ಳುತ್ತಾರೆ. ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್ ಎಂಬ ಉದ್ದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ‘ನ್ಯಾಸ್’ ಎನ್ನುತ್ತಾರೆ. ಒಳಗೆ ಎರಡೋ ನಾಲ್ಕೋ ಹಾರ್ಡ್ ಡಿಸ್ಕ್, ಒಂದು ಚಿಕ್ಕ ಪ್ರೊಸೆಸರ್, ಹೊರಗೆ ರೌಟರ್‌ಗೆ ಹೋಗುವ ಒಂದು ಕೇಬಲ್. ತೈವಾನ್‌ನ ಸಿನಾಲಜಿ, ಕ್ಯೂನ್ಯಾಪ್ ಕಂಪನಿಗಳ ಸಿದ್ಧ ಪೆಟ್ಟಿಗೆಗಳಿವೆ. ಹಳೆಯ ಡೆಸ್ಕ್‌ಟಾಪ್‌ಗೆ ಓಪನ್‌ಮೀಡಿಯಾವಾಲ್ಟ್ ಅಥವಾ ಟ್ರೂನ್ಯಾಸ್ ತಂತ್ರಾಂಶ ಹಾಕಿ ತಾವೇ ಕಟ್ಟಿಕೊಳ್ಳುವವರೂ ಇದ್ದಾರೆ.

ಸಾಮಾನ್ಯವಾಗಿ ಒಮ್ಮೆ ಆನ್ ಆದ ಪೆಟ್ಟಿಗೆಯನ್ನು ಮತ್ತೆ ಯಾರೂ ಆರಿಸುವುದಿಲ್ಲ. ಸಂಜೆ ಒಂದು ಸಿನಿಮಾ, ನಡುವೆ ಫೋನಿನ ಫೋಟೊಗಳ ಬ್ಯಾಕಪ್, ಅಪರೂಪಕ್ಕೆ ಒಂದು ಪಹಣಿ ಅಥವಾ ಮಾರ್ಕ್ಸ್‌ಕಾರ್ಡಿನ ಹುಡುಕಾಟ. ಇಷ್ಟು ಕೆಲಸಕ್ಕಾಗಿ ಡಿಸ್ಕ್‌ನ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತಿನಂತೆ ಹಗಲಿರುಳು ತಿರುಗುತ್ತಿರುತ್ತವೆ.

ಲೆಕ್ಕ ಹಾಕಿದರೆ

ಎರಡು ಡಿಸ್ಕ್‌ಗಳ ಸಿದ್ಧ ಪೆಟ್ಟಿಗೆ ಕೆಲಸದಲ್ಲಿದ್ದಾಗ 15ರಿಂದ 20 ವಾಟ್, ನಾಲ್ಕು ಡಿಸ್ಕ್‌ಗಳದ್ದು 30 ವಾಟ್‌ನ ಆಸುಪಾಸು ವಿದ್ಯುತ್ ಬಳಸುತ್ತದೆ. ಹಳೆಯ ಡೆಸ್ಕ್‌ಟಾಪನ್ನೇ ನ್ಯಾಸ್ ಮಾಡಿಕೊಂಡಿದ್ದರೆ ಸುಮ್ಮನೆ ಕೂತಿದ್ದರೂ 50 ವಾಟ್ ದಾಟುವುದು ಅಸಹಜವಲ್ಲ. ನಡುವಿನ ಒಂದು ಅಂಕಿ, 25 ವಾಟ್ ಎಂದಿಟ್ಟುಕೊಳ್ಳೋಣ. ದಿನಕ್ಕೆ 0.6 ಯೂನಿಟ್, ತಿಂಗಳಿಗೆ 18, ವರ್ಷಕ್ಕೆ 219 ಯೂನಿಟ್ ಆಯಿತು. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ವರ್ಷಕ್ಕೆ 1,300 ರೂಪಾಯಿಗಿಂತ ಸ್ವಲ್ಪ ಹೆಚ್ಚು.

ಅದೇ ಪೆಟ್ಟಿಗೆ ದಿನಕ್ಕೆ ನಾಲ್ಕು ಗಂಟೆ ಮಾತ್ರ ಎಚ್ಚರವಿದ್ದು, ಉಳಿದ 20 ಗಂಟೆ 1 ವಾಟ್‌ನಲ್ಲಿ ಮಲಗಿದ್ದರೆ? ದಿನಕ್ಕೆ 0.12 ಯೂನಿಟ್, ವರ್ಷಕ್ಕೆ ಸುಮಾರು 44 ಯೂನಿಟ್. ಉಳಿಯುವುದು 175 ಯೂನಿಟ್. ಕಲ್ಲಿದ್ದಲನ್ನೇ ಹೆಚ್ಚಾಗಿ ನಂಬಿರುವ ಭಾರತದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್‌ಗೆ 0.7 ಕಿಲೊಗ್ರಾಂ ಆಸುಪಾಸು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹಾಗಾಗಿ ಈ ಉಳಿತಾಯ ವರ್ಷಕ್ಕೆ 120 ಕಿಲೊಗ್ರಾಂ ಹೊಗೆಯನ್ನು ತಪ್ಪಿಸಿದಂತೆ.

ಕರ್ನಾಟಕದ ಮನೆಗಳಿಗೆ ಇನ್ನೊಂದು ಲೆಕ್ಕವೂ ಇದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಗರಿಷ್ಠ ಮಿತಿ 200 ಯೂನಿಟ್ ಆದರೂ, ಪ್ರತಿ ಮನೆಯ ಪಾಲು ಆರಂಭದಲ್ಲಿ ನಿಗದಿಯಾಗಿದ್ದು 2022–23ರ ಸರಾಸರಿ ಬಳಕೆಯ ಮೇಲೆ ಶೇ 10ರಷ್ಟು ಸೇರಿಸಿ. ಸರಾಸರಿ 80 ಯೂನಿಟ್ ಬಳಸುತ್ತಿದ್ದ ಮನೆಗೆ ಸಿಗುವುದು 88 ಯೂನಿಟ್. ಆಮೇಲೆ ಮನೆಗೆ ಬಂದ ನ್ಯಾಸ್ ಒಂದೇ ತಿಂಗಳಿಗೆ 18 ಯೂನಿಟ್ ಕುಡಿದರೆ, ಸೊನ್ನೆ ಬರುತ್ತಿದ್ದ ಬಿಲ್ಲಿನಲ್ಲಿ ಮೊತ್ತ ಕಾಣಿಸಿಕೊಳ್ಳುತ್ತದೆ. ಬಳಕೆ 200ರ ಅಂಚಿನಲ್ಲಿರುವ ಮನೆಯಾದರಂತೂ ಇಡೀ ಬಿಲ್ಲನ್ನೇ ಕಟ್ಟಬೇಕಾಗಿ ಬರುತ್ತದೆ.

ದೊಡ್ಡವರು ಮೊದಲು ಮಾಡಿದ್ದು

ಸುಮ್ಮನಿರುವ ಯಂತ್ರ ತಿನ್ನುವ ವಿದ್ಯುತ್ತಿನ ಬಗ್ಗೆ ಜಗತ್ತು ಗಂಭೀರವಾಗಿ ಯೋಚಿಸತೊಡಗಿದ್ದು 1990ರ ದಶಕದಲ್ಲಿ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಅಲನ್ ಮೇಯರ್, ಬಳಕೆಯಲ್ಲಿಲ್ಲದ ಯಾವ ಉಪಕರಣವೂ 1 ವಾಟ್‌ಗಿಂತ ಹೆಚ್ಚು ಎಳೆಯಬಾರದು ಎಂಬ ಗುರಿಯನ್ನು 1998ರಲ್ಲಿ ಮುಂದಿಟ್ಟರು. ಮರುವರ್ಷ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿತು. ಯುರೋಪಿಯನ್ ಒಕ್ಕೂಟ 2008ರಲ್ಲಿ ಇದಕ್ಕೆ ಕಾನೂನಿನ ರೂಪ ಕೊಟ್ಟು, 2010ರಿಂದ 1 ವಾಟ್, 2013ರಿಂದ ಅರ್ಧ ವಾಟ್ ಎಂದು ಮಿತಿ ಬಿಗಿ ಮಾಡಿತು.

ಡಿಸ್ಕ್‌ಗಳ ಲೋಕದಲ್ಲಿ ಇದೇ ಯೋಚನೆ ಬೇರೆ ದಾರಿಯಿಂದ ಬಂತು. ಕೊಲರಾಡೊ ವಿಶ್ವವಿದ್ಯಾಲಯದ ಡೆನಿಸ್ ಕೊಲರೆಲ್ಲಿ ಮತ್ತು ಡರ್ಕ್ ಗ್ರನ್‌ವಾಲ್ಡ್ 2002ರಲ್ಲಿ ‘ಮೇಡ್’ ಎಂಬ ವಿನ್ಯಾಸವನ್ನು ಪ್ರಕಟಿಸಿದರು. ಸಾವಿರಾರು ಡಿಸ್ಕ್‌ಗಳ ಸಂಗ್ರಹದಲ್ಲಿ ಹೆಚ್ಚಿನ ಮಾಹಿತಿಯನ್ನು ಒಮ್ಮೆ ಬರೆದಿಟ್ಟ ಮೇಲೆ ಯಾರೂ ತೆರೆಯುವುದಿಲ್ಲ. ಹಾಗಿದ್ದ ಮೇಲೆ ಬೇಕಾದ ಕೆಲವೇ ಡಿಸ್ಕ್ ತಿರುಗಲಿ, ಉಳಿದವು ನಿಂತಿರಲಿ ಎಂಬುದು ಅವರ ವಾದ. ಮುಂದೆ ಫೇಸ್‌ಬುಕ್ ಹಳೆಯ ಫೋಟೊಗಳಿಗೆಂದು ಕಟ್ಟಿದ ‘ಕೋಲ್ಡ್ ಸ್ಟೋರೇಜ್’ ಕೇಂದ್ರಗಳಲ್ಲೂ ಒಂದು ಟ್ರೇಯಲ್ಲಿ ಒಂದು ಸಲಕ್ಕೆ ಒಂದೇ ಡಿಸ್ಕ್‌ಗೆ ವಿದ್ಯುತ್ ಕೊಡುವ ವ್ಯವಸ್ಥೆ ಬಂತು. ಮನೆಯ ನ್ಯಾಸ್‌ನ ಸ್ವಭಾವವೂ ಇದೇ. ಅಲ್ಲಿರುವುದು ಬಹುಮಟ್ಟಿಗೆ ಕಳೆದುಹೋಗಬಾರದ, ಆದರೆ ದಿನವೂ ನೋಡದ ಸಾಮಗ್ರಿ.

ನಿದ್ದೆಯ ಮೂರು ಹಂತ

ನ್ಯಾಸ್ ಅನ್ನು ಮಲಗಿಸುವುದೆಂದರೆ ಮೂರು ಬೇರೆ ಬೇರೆ ಕೆಲಸಗಳು.

ಮೊದಲನೆಯದು ಡಿಸ್ಕ್ ಮಾತ್ರ ನಿಲ್ಲಿಸುವುದು. ಪೆಟ್ಟಿಗೆ ಎಚ್ಚರವಾಗಿಯೇ ಇರುತ್ತದೆ, ತಟ್ಟೆಗಳು ತಿರುಗುವುದು ನಿಲ್ಲುತ್ತದೆ. ತಿರುಗುತ್ತಾ ಸುಮ್ಮನಿರುವ 3.5 ಇಂಚಿನ ಡಿಸ್ಕ್ 4ರಿಂದ 6 ವಾಟ್ ಎಳೆಯುತ್ತದೆ; ನಿಂತಾಗ ಅದು 1 ವಾಟ್‌ನ ಒಳಗೆ ಇಳಿಯುತ್ತದೆ. ಸಿದ್ಧ ಪೆಟ್ಟಿಗೆಗಳಲ್ಲಿ ಇದಕ್ಕೆ ಸೆಟ್ಟಿಂಗ್ಸ್‌ನಲ್ಲೇ ಆಯ್ಕೆ ಇದೆ. ಲಿನಕ್ಸ್ ಬಳಸುವವರು ಹೆಚ್‌ಡಿಪಾರ್ಮ್ ಎಂಬ ಆದೇಶ ಕೊಡುತ್ತಾರೆ. ಅದರ ಲೆಕ್ಕ ಗೊತ್ತಿಲ್ಲದವರು ಎಡವುವುದು ಸಹಜ: 1ರಿಂದ 240ರವರೆಗಿನ ಅಂಕಿಯನ್ನು ಐದು ಸೆಕೆಂಡಿನಿಂದ ಗುಣಿಸಬೇಕು, ಆದ್ದರಿಂದ 120 ಎಂದರೆ 10 ನಿಮಿಷ, 240 ಎಂದರೆ 20 ನಿಮಿಷ, 241 ಆದೊಡನೆ ಲೆಕ್ಕ ಬದಲಾಗಿ ನೇರ ಅರ್ಧ ಗಂಟೆಗೆ ಜಿಗಿಯುತ್ತದೆ.

ಎರಡನೆಯದು ಸಸ್ಪೆಂಡ್. ಇಂಟೆಲ್, ಮೈಕ್ರೊಸಾಫ್ಟ್, ತೋಷಿಬಾ ಸೇರಿ 1996ರಲ್ಲಿ ಹೊರತಂದ ಎಸಿಪಿಐ ಮಾನದಂಡದಲ್ಲಿ ಇದು ‘ಎಸ್3’ ಸ್ಥಿತಿ. ಮೆಮೊರಿಗೆ ಮಾತ್ರ ಚೂರು ವಿದ್ಯುತ್ ಉಳಿಸಿಕೊಂಡು ಮಿಕ್ಕೆಲ್ಲ ಆರುತ್ತದೆ. ಕೆಲವೇ ಸೆಕೆಂಡಿನಲ್ಲಿ ಎಚ್ಚರವಾಗುತ್ತದೆ, ಆದರೆ ಎಲ್ಲ ಮದರ್‌ಬೋರ್ಡ್‌ಗಳೂ ಇದನ್ನು ಸರಿಯಾಗಿ ನಿಭಾಯಿಸುವುದಿಲ್ಲ. ಮೂರನೆಯದು ಪೂರ್ತಿ ಶಟ್‌ಡೌನ್, ಅಂದರೆ ‘ಎಸ್5’. ಮತ್ತೆ ಬೂಟ್ ಆಗಲು ಒಂದೆರಡು ನಿಮಿಷ ಬೇಕು. ಅವಸರವಿಲ್ಲದ ಮನೆಗೆ ಇದೇ ಅತ್ಯಂತ ನೆಮ್ಮದಿಯ ದಾರಿ: ಫೈಲ್ ವ್ಯವಸ್ಥೆ ಅಚ್ಚುಕಟ್ಟಾಗಿ ಮುಚ್ಚಿರುತ್ತದೆ, ಮಧ್ಯರಾತ್ರಿ ಕರೆಂಟ್ ಹೋದರೂ ಅರ್ಧ ಬರೆದ ಫೈಲ್ ಎಂಬ ಭಯವಿಲ್ಲ.

ಪದೇ ಪದೇ ಆರಿಸಿದರೆ ಡಿಸ್ಕ್ ಕೆಡುವುದಿಲ್ಲವೇ?

ಎಲ್ಲರೂ ಕೇಳುವ ಪ್ರಶ್ನೆ ಇದು, ಕೇಳಲೇಬೇಕಾದ ಪ್ರಶ್ನೆಯೂ ಹೌದು. ನಿಂತ ತಟ್ಟೆಗಳನ್ನು ಪೂರ್ಣ ವೇಗಕ್ಕೆ ತರುವಾಗ ಮೋಟಾರು ಕೆಲವು ಸೆಕೆಂಡು 20 ವಾಟ್‌ಗೂ ಹೆಚ್ಚು ಎಳೆಯುತ್ತದೆ. ಓದುವ ಹೆಡ್‌ಗಳು ಪಕ್ಕದ ಇಳಿಜಾರಿನಿಂದ ತಟ್ಟೆಯ ಮೇಲೆ ಬಂದು, ಕೆಲಸ ಮುಗಿದಾಗ ಹಿಂದಕ್ಕೆ ಸರಿಯುತ್ತವೆ. ಈ ಎರಡಕ್ಕೂ ತಯಾರಕರು ಮಿತಿ ಹೇಳಿರುತ್ತಾರೆ. ಹೆಡ್ ಹೋಗಿ ಬರುವುದು ಅನೇಕ ಮಾದರಿಗಳಲ್ಲಿ 3 ಲಕ್ಷ ಅಥವಾ 6 ಲಕ್ಷ ಸಲ. ಮೋಟಾರು ನಿಂತು ಹೊರಡುವುದು 50,000 ಸಲದ ಆಸುಪಾಸು.

ದಿನಕ್ಕೆ ಎರಡು ಸಲ ಆರಿ ಎದ್ದರೆ ವರ್ಷಕ್ಕೆ 730 ಸಲ ಆಯಿತು. ಹತ್ತು ವರ್ಷಕ್ಕೂ ಹತ್ತು ಸಾವಿರ ಮುಟ್ಟುವುದಿಲ್ಲ. ಅಪಾಯ ಇರುವುದು ತೀರಾ ಚಿಕ್ಕ ಅವಧಿಯ ನಿದ್ದೆಯಲ್ಲಿ. ವೆಸ್ಟರ್ನ್ ಡಿಜಿಟಲ್ ಕಂಪನಿಯ ‘ಗ್ರೀನ್’ ಡಿಸ್ಕ್‌ಗಳು ಎಂಟು ಸೆಕೆಂಡು ಕೆಲಸವಿಲ್ಲದಿದ್ದರೆ ಹೆಡ್ ಅನ್ನು ಬದಿಗೆ ಸರಿಸುತ್ತಿದ್ದವು. ಲಿನಕ್ಸ್ ಯಂತ್ರಗಳಲ್ಲಿ ಕೆಲವು ಸೆಕೆಂಡಿಗೊಮ್ಮೆ ಏನಾದರೊಂದು ಲಾಗ್ ಬರೆಯುವ ರೂಢಿ ಇರುವುದರಿಂದ ಹೆಡ್ ಸರಿಯುವುದು, ಕೂಡಲೇ ಮರಳುವುದು ನಡೆದೇ ಇರುತ್ತಿತ್ತು. ಅರ್ಧ ನಿಮಿಷಕ್ಕೊಮ್ಮೆ ಹಾಗಾದರೂ ದಿನಕ್ಕೆ 2,880 ಸಲ. 3 ಲಕ್ಷದ ಮಿತಿ ನಾಲ್ಕು ತಿಂಗಳೊಳಗೆ ಮುಗಿಯುತ್ತದೆ. ಆ ಎಂಟು ಸೆಕೆಂಡನ್ನು ಹೆಚ್ಚಿಸುವ ‘ಡಬ್ಲ್ಯುಡಿಐಡಲ್3’ ಎಂಬ ಪುಟ್ಟ ಉಪಕರಣ ಆಗ ನ್ಯಾಸ್ ಬಳಕೆದಾರರ ನಡುವೆ ಮನೆಮಾತಾಗಿತ್ತು.

ದೊಡ್ಡ ಪ್ರಮಾಣದ ಅಧ್ಯಯನವೂ ಇದೆ. ಗೂಗಲ್‌ನ ಎಂಜಿನಿಯರ್‌ಗಳು ತಮ್ಮ ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಎರಡು ವರ್ಷದೊಳಗಿನ ಡಿಸ್ಕ್‌ಗಳಲ್ಲಿ ಆನ್–ಆಫ್ ಎಣಿಕೆಗೂ ಕೆಡುವುದಕ್ಕೂ ಹೇಳಿಕೊಳ್ಳುವ ನಂಟು ಕಾಣಲಿಲ್ಲ. ಮೂರು ವರ್ಷ ದಾಟಿದವುಗಳಲ್ಲಿ, ಹೆಚ್ಚು ಸಲ ಆರಿ ಹೊತ್ತಿದವು ಕೆಡುವ ಪ್ರಮಾಣ ಶೇ 2 ಅಂಶಕ್ಕೂ ಹೆಚ್ಚು ಏರಿತ್ತು. ಆದರೆ ಲೇಖಕರೇ ಎಚ್ಚರಿಸಿದಂತೆ, ಕೆಟ್ಟ ಯಂತ್ರವನ್ನು ರಿಪೇರಿಗೆಂದು ಪದೇ ಪದೇ ಆರಿಸುವುದೂ ಅದಕ್ಕೆ ಕಾರಣವಿರಬಹುದು. ಇದರಿಂದ ಮನೆಯವರು ತೆಗೆದುಕೊಳ್ಳಬೇಕಾದ ನಿಯಮ ಸರಳ: ಹತ್ತು ನಿಮಿಷಕ್ಕೊಮ್ಮೆ ಮಲಗಿ ಏಳುವ ಪೆಟ್ಟಿಗೆ ಬೇಡ, ಅರ್ಧ ಗಂಟೆಯೋ ಒಂದು ಗಂಟೆಯೋ ಕಾದು, ಮಲಗಿದ ಮೇಲೆ ಗಂಟೆಗಟ್ಟಲೆ ಮಲಗುವ ಪೆಟ್ಟಿಗೆ ಬೇಕು.

ಬಳಕೆ ನಿಂತಿದೆ ಎಂದು ಹೇಳುವವರು ಯಾರು?

ಸಮಯ ನಿಗದಿ ಮಾಡುವುದು ಸುಲಭ. ರಾತ್ರಿ 11ಕ್ಕೆ ಆರಬೇಕು, ಸಂಜೆ 6ಕ್ಕೆ ಏಳಬೇಕು ಎಂದು ಗೊತ್ತು ಮಾಡಿಟ್ಟರೆ ಸಿದ್ಧ ಪೆಟ್ಟಿಗೆಗಳು ಹಾಗೆಯೇ ನಡೆದುಕೊಳ್ಳುತ್ತವೆ. ಆದರೆ ಮನೆ ಗಡಿಯಾರದಂತೆ ನಡೆಯುವುದಿಲ್ಲ. ಪರೀಕ್ಷೆಯ ದಿನಗಳಲ್ಲಿ ಮಗಳು ರಾತ್ರಿ ಒಂದರವರೆಗೆ ಓದುತ್ತಾಳೆ. ಕ್ಯಾಲಿಫೋರ್ನಿಯಾದಲ್ಲಿರುವ ಮಗ ಊಟದ ಬಿಡುವಿನಲ್ಲಿ ಊರಿನ ಫೋಟೊ ತೆರೆಯುವ ಮಧ್ಯಾಹ್ನ ಒಂದೂವರೆ ಎಂದರೆ, ಬೇಸಿಗೆಯಲ್ಲಿ ಬೆಂಗಳೂರಿಗೆ ನಸುಕಿನ ಎರಡು ಗಂಟೆ. ಅದಕ್ಕೇ ಗಡಿಯಾರದ ಬದಲು ಬಳಕೆಯನ್ನೇ ನೋಡಿ ತೀರ್ಮಾನಿಸುವ ವ್ಯವಸ್ಥೆ ಬೇಕು.

ಓಪನ್‌ಮೀಡಿಯಾವಾಲ್ಟ್‌ಗೆ ಸಿಗುವ ‘ಆಟೊಶಟ್‌ಡೌನ್’ ಪ್ಲಗಿನ್ ಇದನ್ನು ಹೇಗೆ ಮಾಡುತ್ತದೆ ಎಂದು ನೋಡಿದರೆ ಈ ಕೆಲಸದ ಸೂಕ್ಷ್ಮ ಅರ್ಥವಾಗುತ್ತದೆ. ಅದು ನಿಗದಿತ ಅಂತರದಲ್ಲಿ ಒಂದರ ಹಿಂದೊಂದು ಪ್ರಶ್ನೆ ಕೇಳಿಕೊಳ್ಳುತ್ತದೆ. ಆರಿಸಬಾರದೆಂದು ಮನೆಯವರು ಹೇಳಿದ ಹೊತ್ತೇ ಇದು? ಮನೆಯ ಕಂಪ್ಯೂಟರ್, ಟಿವಿಗಳಲ್ಲಿ ಯಾವುದಾದರೂ ‘ಪಿಂಗ್’ ಎಂಬ ನೆಟ್‌ವರ್ಕ್ ಕರೆಗೆ ಓಗೊಡುತ್ತಿದೆಯೇ? ನೆಟ್‌ವರ್ಕ್‌ನಲ್ಲಿ ಸೆಕೆಂಡಿಗೆ ಇಷ್ಟು ಕಿಲೊಬೈಟ್‌ಗಿಂತ ಹೆಚ್ಚು ಹರಿಯುತ್ತಿದೆಯೇ? ಡಿಸ್ಕ್‌ನಲ್ಲಿ ಓದು–ಬರಹ ನಡೆದಿದೆಯೇ? ಪ್ರೊಸೆಸರ್ ಮೇಲೆ ಹೊರೆ ಇದೆಯೇ? ಯಾರಾದರೂ ಲಾಗಿನ್ ಆಗಿದ್ದಾರೆಯೇ? ಯಾವುದಾದರೂ ಡಿಸ್ಕ್‌ನ ಆರೋಗ್ಯ ತಪಾಸಣೆ ನಡೆಯುತ್ತಿದೆಯೇ? ಒಂದಕ್ಕೆ ‘ಹೌದು’ ಎಂದು ಉತ್ತರ ಬಂದರೂ ಎಣಿಕೆ ಮತ್ತೆ ಮೊದಲಿನಿಂದ. ಎಲ್ಲಕ್ಕೂ ‘ಇಲ್ಲ’ ಎಂಬ ಉತ್ತರ ಸತತವಾಗಿ ಹಲವು ಸುತ್ತು ಬಂದರೆ ಮಾತ್ರ ಶಟ್‌ಡೌನ್.

ಇಷ್ಟು ಪ್ರಶ್ನೆಗಳು ಏಕೆ ಬೇಕು? ಒಂದೊಂದೂ ತನ್ನಷ್ಟಕ್ಕೆ ಮೋಸ ಹೋಗಬಲ್ಲದು, ಅದಕ್ಕೆ. ಪರದೆ ಆರಿ ಜೇಬಿನಲ್ಲಿರುವ ಫೋನು ವೈಫೈಯಲ್ಲಿದ್ದರೂ ಪಿಂಗ್‌ಗೆ ಉತ್ತರಿಸದೆ ಇರಬಹುದು. ಸ್ಟ್ಯಾಂಡ್‌ಬೈನಲ್ಲಿರುವ ಸ್ಮಾರ್ಟ್ ಟಿವಿ ಯಾರೂ ನೋಡದಿದ್ದರೂ ಉತ್ತರಿಸುತ್ತಲೇ ಇರಬಹುದು. ವಿಂಡೋಸ್‌ನಲ್ಲಿ ನ್ಯಾಸ್‌ನ ಫೋಲ್ಡರನ್ನು ‘ಝಡ್ ಡ್ರೈವ್’ ಎಂದು ಜೋಡಿಸಿಟ್ಟಿದ್ದರೆ ಸಂಪರ್ಕ ಸದಾ ತೆರೆದಿರುತ್ತದೆ, ಫೈಲ್ ಒಂದೂ ಓಡಾಡದಿದ್ದರೂ. ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಸಿನಿಮಾ ತೋರಿಸುವ ಪ್ಲೇಯರ್ ಮುಂದಿನ ಒಂದಷ್ಟು ನಿಮಿಷದ ದೃಶ್ಯವನ್ನು ಒಮ್ಮೆಗೇ ತುಂಬಿಕೊಂಡು ಸುಮ್ಮನಾಗುತ್ತದೆ. ಅದೇ ಕ್ಷಣದಲ್ಲಿ ಅಳೆದರೆ ನೆಟ್‌ವರ್ಕ್ ಖಾಲಿ. ನಂಬಿ ಆರಿಸಿದರೆ ಕ್ಲೈಮ್ಯಾಕ್ಸ್‌ಗೆ ಮುನ್ನ ಪರದೆ ನಿಂತುಹೋಗುತ್ತದೆ. ಒಂದು ಕ್ಷಣದ ಅಳತೆಗಿಂತ ಅರ್ಧ ಗಂಟೆಯ ಸರಾಸರಿ ನಂಬಲರ್ಹ ಎನ್ನುವುದು ಇದೇ ಕಾರಣಕ್ಕೆ.

ಹೆಚ್ಚಿನ ಮನೆಗಳಲ್ಲಿ ತೊಂದರೆ ಮಾತ್ರ ಇನ್ನೊಂದು ದಿಕ್ಕಿನದು. ಪೆಟ್ಟಿಗೆ ಮಲಗುವುದೇ ಇಲ್ಲ. ಸಿನಿಮಾ ಪಟ್ಟಿ ಮಾಡುವ ಮೀಡಿಯಾ ಸರ್ವರ್ ಗಂಟೆಗೊಮ್ಮೆ ಫೋಲ್ಡರ್‌ಗಳನ್ನು ಜಾಲಾಡುತ್ತದೆ. ಫೋಟೊಗಳಲ್ಲಿ ಮುಖ ಗುರುತಿಸುವ ತಂತ್ರಾಂಶ, ಟಾರೆಂಟ್, ಡಾಕರ್‌ನಲ್ಲಿ ಹಾಕಿಟ್ಟು ಮರೆತ ಹತ್ತಾರು ಪುಟ್ಟ ಆ್ಯಪ್‌ಗಳು, ಲ್ಯಾಪ್‌ಟಾಪಿನ ಆ್ಯಂಟಿವೈರಸ್, ಎಲ್ಲವೂ ಡಿಸ್ಕ್ ತಟ್ಟುತ್ತವೆ. ಲಿನಕ್ಸ್‌ನಲ್ಲಿ ಫೈಲ್ ಓದಿದ ಸಮಯವನ್ನೂ ಬರೆದಿಡುವ ರೂಢಿಯಿರುವುದರಿಂದ ಬರೀ ಓದುವುದೂ ಕೆಲವೊಮ್ಮೆ ಬರಹವಾಗುತ್ತದೆ; ‘ನೋಎಟೈಮ್’ ಎಂಬ ಆಯ್ಕೆ ಅದನ್ನು ತಪ್ಪಿಸುತ್ತದೆ. ಯಾವ ತಂತ್ರಾಂಶ ನಿದ್ದೆ ಕೆಡಿಸುತ್ತಿದೆ ಎಂದು ಹಿಡಿಯಲು ಐಯೋಟಾಪ್, ಫ್ಯಾಟ್‌ರೇಸ್‌ನಂಥ ಉಪಕರಣಗಳಿವೆ. ಹಲವರು ಕಂಡುಕೊಂಡ ದಾರಿ ಎಂದರೆ ಕಾರ್ಯಾಚರಣೆ ತಂತ್ರಾಂಶ, ಲಾಗ್, ಆ್ಯಪ್‌ಗಳನ್ನೆಲ್ಲ ಒಂದು ಚಿಕ್ಕ ಎಸ್‌ಎಸ್‌ಡಿಗೆ ಸಾಗಿಸಿ, ದೊಡ್ಡ ಹಾರ್ಡ್ ಡಿಸ್ಕ್‌ಗಳನ್ನು ಸಂಗ್ರಹಕ್ಕೆ ಮಾತ್ರ ಮೀಸಲಿಡುವುದು.

ರಾತ್ರಿ ಪಾಳಿಯ ಕೆಲಸಗಳು

ಇನ್ನು ಮುಂದಿನದು ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಕಡೆಗಣನೆಗೆ ಒಳಗಾಗುವ ಭಾಗ. ಮನುಷ್ಯರಿಗೆ ಬೇಕಾದಾಗ ಮಾತ್ರ ನ್ಯಾಸ್ ಕೆಲಸ ಮಾಡುವುದಿಲ್ಲ. ತನ್ನ ಆರೋಗ್ಯ ನೋಡಿಕೊಳ್ಳುವ ಕೆಲವು ಕೆಲಸಗಳನ್ನು ಅದು ಎಲ್ಲರೂ ಮಲಗಿದ ಹೊತ್ತಿಗೆಂದೇ ಇಟ್ಟುಕೊಂಡಿರುತ್ತದೆ.

ಡೆಬಿಯನ್ ಲಿನಕ್ಸ್‌ನ ಹಿಂದಿನ ಆವೃತ್ತಿಗಳಲ್ಲಿ, ಎರಡು ಡಿಸ್ಕ್‌ಗಳಲ್ಲಿ ಒಂದೇ ಮಾಹಿತಿ ಇಡುವ ರೇಡ್ ವ್ಯವಸ್ಥೆಯ ತಪಾಸಣೆ ತಿಂಗಳ ಮೊದಲ ಭಾನುವಾರ ರಾತ್ರಿ 12 ಗಂಟೆ 57 ನಿಮಿಷಕ್ಕೆ ನಿಗದಿಯಾಗಿತ್ತು. ಝಡ್‌ಎಫ್‌ಎಸ್ ಫೈಲ್ ವ್ಯವಸ್ಥೆಯ ‘ಸ್ಕ್ರಬ್’ ಎರಡನೇ ಭಾನುವಾರ 12 ಗಂಟೆ 24 ನಿಮಿಷಕ್ಕೆ. ಬರೆದಿಟ್ಟ ಪ್ರತಿ ತುಣುಕನ್ನೂ ಓದಿ, ಸರಿಯಿದೆಯೇ ಎಂದು ತಾಳೆ ನೋಡುವ ಕೆಲಸ ಇದು. ವರ್ಷಗಟ್ಟಲೆ ತೆರೆಯದ ಫೋಟೊ ಸದ್ದಿಲ್ಲದೆ ಕೆಟ್ಟಿದ್ದರೆ ಗೊತ್ತಾಗುವುದು ಇದರಿಂದಲೇ. 4 ಟೆರಾಬೈಟ್ ಡಿಸ್ಕ್ ಅನ್ನು ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಪೂರ್ತಿ ಓದಲು ಏಳು ಗಂಟೆಗೂ ಹೆಚ್ಚು ಬೇಕು.

ರಾತ್ರಿ 11ಕ್ಕೆ ಆರುವ ಪೆಟ್ಟಿಗೆಯಲ್ಲಿ 12.57 ಎಂಬ ಹೊತ್ತು ಬರುವುದೇ ಇಲ್ಲ. ಯಾವ ದೋಷ ಸಂದೇಶವೂ ಕಾಣಿಸುವುದಿಲ್ಲ, ಏಕೆಂದರೆ ಕೆಲಸ ವಿಫಲವಾಗಿಲ್ಲ, ಶುರುವೇ ಆಗಿಲ್ಲ. ಹೀಗೆ ವರ್ಷವಿಡೀ ತಪಾಸಣೆಯಿಲ್ಲದೆ ಕಳೆದು, ಒಂದು ದಿನ ಒಂದು ಡಿಸ್ಕ್ ಕೈಕೊಟ್ಟು, ಜೋಡಿ ಡಿಸ್ಕ್‌ನಿಂದ ಮಾಹಿತಿ ಎತ್ತಿಕೊಳ್ಳಲು ಹೊರಟಾಗ ಅದರಲ್ಲೂ ಓದಲಾಗದ ಜಾಗಗಳು ಬಯಲಾಗುತ್ತವೆ. ಉಳಿಸಿದ 1,000 ರೂಪಾಯಿಗೆ ತೆತ್ತ ಬೆಲೆ ಬಹಳ ದೊಡ್ಡದಾಗುತ್ತದೆ.

ಪರಿಹಾರವಿದೆ. ಯಂತ್ರ ಆರಿದ್ದಾಗ ತಪ್ಪಿದ ಕೆಲಸವನ್ನು ಎದ್ದ ಮೇಲೆ ಮಾಡಿಸುವ ಅನಾಕ್ರಾನ್, ಲಿನಕ್ಸ್‌ನ ಸಿಸ್ಟಂಡಿ ವ್ಯವಸ್ಥೆಯ ಟೈಮರ್‌ಗಳಲ್ಲಿ ಅಂಥದ್ದೇ ಕೆಲಸ ಮಾಡುವ ‘ಪರ್ಸಿಸ್ಟೆಂಟ್’ ಆಯ್ಕೆ ಇವೆ. ಇನ್ನೂ ಅಚ್ಚುಕಟ್ಟಾದ ದಾರಿ ಮದರ್‌ಬೋರ್ಡಿನ ಗಡಿಯಾರ. ಪುಟ್ಟ ಬ್ಯಾಟರಿಯ ಮೇಲೆ ನಡೆಯುವ ಈ ಗಡಿಯಾರಕ್ಕೆ ‘ಆರ್‌ಟಿಸಿವೇಕ್’ ಆದೇಶದಿಂದ ಅಲಾರಂ ಇಟ್ಟು ಮಲಗಿಸಿದರೆ, ಭಾನುವಾರ ಹೊತ್ತಿಗೆ ಸರಿಯಾಗಿ ಪೆಟ್ಟಿಗೆ ಏಳುತ್ತದೆ, ತಪಾಸಣೆ ಮುಗಿಸುತ್ತದೆ, ಬಳಕೆಯಿಲ್ಲವೆಂದು ಕಂಡ ಮೇಲೆ ಮತ್ತೆ ಆರುತ್ತದೆ. ಎಣಿಕೆ ಮಾಡುವ ಪ್ರಶ್ನೆಗಳ ಪಟ್ಟಿಯಲ್ಲಿ ‘ಸ್ಕ್ರಬ್ ನಡೆಯುತ್ತಿದೆಯೇ, ಬ್ಯಾಕಪ್ ನಡೆಯುತ್ತಿದೆಯೇ’ ಎಂಬುವುಗಳನ್ನು ಸೇರಿಸಲು ಮಾತ್ರ ಮರೆಯಬಾರದು. ಇಲ್ಲದಿದ್ದರೆ ಏಳು ಗಂಟೆಯ ತಪಾಸಣೆಯನ್ನು ಅರ್ಧ ಗಂಟೆಗೇ ಅದು ತುಂಡರಿಸಬಹುದು.

ಎಬ್ಬಿಸುವ ಬಗೆ

ಆರಿದ ಪೆಟ್ಟಿಗೆಯನ್ನು ಪ್ರತಿ ಸಲ ಎದ್ದು ಹೋಗಿ ಗುಂಡಿ ಒತ್ತಿ ಎಬ್ಬಿಸಬೇಕೆಂದರೆ ಈ ವ್ಯವಸ್ಥೆ ಒಂದು ವಾರವೂ ಬಾಳುವುದಿಲ್ಲ. ಅದಕ್ಕೆ ‘ವೇಕ್ ಆನ್ ಲ್ಯಾನ್’ ಇದೆ. 1990ರ ದಶಕದ ನಡುವಿನಲ್ಲಿ ಎಎಂಡಿ ಮತ್ತು ಹ್ಯೂಲೆಟ್ ಪ್ಯಾಕರ್ಡ್ ರೂಪಿಸಿದ ‘ಮ್ಯಾಜಿಕ್ ಪ್ಯಾಕೆಟ್’ ಇದರ ಜೀವಾಳ. ಮನೆಮಂದಿಯೆಲ್ಲ ಮಲಗಿದ ಮೇಲೂ ಬಾಗಿಲ ಸದ್ದಿಗೆ ಕಿವಿ ತೆರೆದಿಟ್ಟ ಅಜ್ಜಿಯ ಹಾಗೆ, ಇಡೀ ಯಂತ್ರ ಆರಿದ್ದರೂ ನೆಟ್‌ವರ್ಕ್ ಕಾರ್ಡ್ ಮಾತ್ರ ಅಲ್ಪ ವಿದ್ಯುತ್ತಿನಲ್ಲಿ ಕೇಳಿಸಿಕೊಳ್ಳುತ್ತಿರುತ್ತದೆ. ಬರುವ ಸಂದೇಶದಲ್ಲಿ ಆರು ಬೈಟ್‌ನಷ್ಟು ಬರೀ ಒಂದುಗಳು, ಅದರ ಹಿಂದೆ ತನ್ನದೇ ಆರು ಬೈಟ್‌ನ ಮ್ಯಾಕ್ ವಿಳಾಸ ಹದಿನಾರು ಸಲ, ಒಟ್ಟು 102 ಬೈಟ್ ಇದ್ದರೆ ಅದು ಯಂತ್ರವನ್ನು ಎಬ್ಬಿಸುತ್ತದೆ. ಇಂಥ ಸಂದೇಶ ಕಳಿಸುವ ಉಚಿತ ಆ್ಯಪ್‌ಗಳು ಫೋನಿಗೆ ಸಿಗುತ್ತವೆ. ಟಿವಿಯಲ್ಲಿ ಕೋಡಿ ಎಂಬ ಪ್ಲೇಯರ್ ಬಳಸುವವರಿಗೆ, ಸಿನಿಮಾ ತೆರೆಯುವಾಗ ತಾನಾಗಿ ನ್ಯಾಸ್ ಎಬ್ಬಿಸುವ ಸೌಲಭ್ಯವೂ ಇದೆ.

ಒಂದೆರಡು ಅಡಚಣೆಗಳು ಮೊದಲೇ ಗೊತ್ತಿದ್ದರೆ ಒಳ್ಳೆಯದು. ಯಂತ್ರದ ಮೂಲ ಸೆಟ್ಟಿಂಗ್ಸ್ ಇರುವ ಬಯೋಸ್‌ನಲ್ಲಿ ‘ಇಆರ್‌ಪಿ’ ಎಂಬ ಆಯ್ಕೆ ಚಾಲೂ ಇದ್ದರೆ, ಯುರೋಪಿನ ಅರ್ಧ ವಾಟ್ ನಿಯಮ ಪಾಲಿಸಲೆಂದು ಅದು ನೆಟ್‌ವರ್ಕ್ ಕಾರ್ಡಿನ ವಿದ್ಯುತ್ತನ್ನೂ ಕಡಿಯುತ್ತದೆ. ಆಗ ಎಷ್ಟು ಕೂಗಿದರೂ ಯಂತ್ರ ಏಳುವುದಿಲ್ಲ. ಸಂದೇಶ ಮನೆಯ ಜಾಲದೊಳಗೆ ಮಾತ್ರ ಸುತ್ತುವುದರಿಂದ, ಹೊರಗಿನಿಂದ ಎಬ್ಬಿಸಬೇಕಾದರೆ ಸದಾ ಎಚ್ಚರವಿರುವ ಇನ್ನೊಂದು ಸಾಧನ ಮನೆಯಲ್ಲಿರಬೇಕು. ಕೆಲವು ವಾಟ್‌ಗಳಲ್ಲಿ ನಡೆಯುವ ರಾಸ್ಪ್‌ಬೆರಿ ಪೈ ಆಗಲಿ, ಈ ಸೌಲಭ್ಯವಿರುವ ರೌಟರ್ ಆಗಲಿ ಸಾಕು. ಹೊರಗಿನವರು ವಿಪಿಎನ್ ಮೂಲಕ ಅದನ್ನು ತಲುಪಿ ನ್ಯಾಸ್‌ಗೆ ಕರೆ ಕಳಿಸಬಹುದು.

ಮಲಗಿದ ಯಂತ್ರದ ಪರವಾಗಿ ಇನ್ನೊಂದು ಚಿಕ್ಕ ಯಂತ್ರ ಉತ್ತರಿಸಲಿ ಎಂಬ ಯೋಚನೆಯ ಮೇಲೆ ಒಳ್ಳೆಯ ಕೆಲಸಗಳಾಗಿವೆ. ಆ್ಯಪಲ್ 2009ರಲ್ಲಿ ತಂದ ‘ಸ್ಲೀಪ್ ಪ್ರಾಕ್ಸಿ’ಯಲ್ಲಿ ಮ್ಯಾಕ್ ಕಂಪ್ಯೂಟರ್ ಮಲಗುವ ಮುನ್ನ ತನ್ನ ಸೇವೆಗಳ ಪಟ್ಟಿಯನ್ನು ಮನೆಯ ವೈಫೈ ಸಾಧನಕ್ಕೆ ಒಪ್ಪಿಸುತ್ತದೆ, ಯಾರಾದರೂ ಆ ಸೇವೆ ಕೇಳಿದಾಗ ಮಾತ್ರ ಆ ಸಾಧನ ಮ್ಯಾಕನ್ನು ಎಬ್ಬಿಸುತ್ತದೆ. ಅದೇ ವರ್ಷ ಮೈಕ್ರೊಸಾಫ್ಟ್ ರಿಸರ್ಚ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಸಂಶೋಧಕರು, ಯುವರಾಜ್ ಅಗರವಾಲ್ ಮೊದಲಾದವರು, ‘ಸೋಮ್ನಿಲೊಕ್ವಿ’ ಎಂಬ ಸಾಧನ ಪ್ರಕಟಿಸಿದರು. ಕಂಪ್ಯೂಟರ್ ಮಲಗಿದ್ದಾಗಲೂ ಅದರ ಪರವಾಗಿ ಡೌನ್‌ಲೋಡ್‌ನಂಥ ಹಗುರ ಕೆಲಸಗಳನ್ನು ಈ ಪುಟ್ಟ ಸಾಧನ ಮುಂದುವರಿಸುತ್ತಿತ್ತು. ಇದರಿಂದ ಶೇ 60ರಿಂದ 80ರಷ್ಟು ವಿದ್ಯುತ್ ಉಳಿಸಬಹುದೆಂದು ಅವರು ತೋರಿಸಿದರು.

ಕರೆಂಟ್ ಹೋದಾಗ

ಬೇಸಿಗೆಯ ಲೋಡ್ ಶೆಡ್ಡಿಂಗ್, ಮಳೆಗಾಲದ ಗಾಳಿಗೆ ಮುರಿದ ಕಂಬ, ಇವೆಲ್ಲ ನಮ್ಮ ಊರುಗಳಲ್ಲಿ ನಿತ್ಯದ ಸಂಗತಿ. ಹೆಚ್ಚಿನ ಯಂತ್ರಗಳ ಬಯೋಸ್‌ನಲ್ಲಿ ಕರೆಂಟ್ ಮರಳಿದಾಗ ಆನ್ ಆಗಬೇಕೇ, ಆರಿಯೇ ಇರಬೇಕೇ ಎಂಬ ಆಯ್ಕೆ ಇರುತ್ತದೆ. ಪೂರ್ತಿ ವಿದ್ಯುತ್ ಕಡಿದುಹೋದ ಮೇಲೆ ಕೆಲವು ನೆಟ್‌ವರ್ಕ್ ಕಾರ್ಡ್‌ಗಳು ‘ಕೇಳಿಸಿಕೊಳ್ಳುವ’ ಸ್ಥಿತಿಯನ್ನೇ ಮರೆಯುತ್ತವೆ. ಒಮ್ಮೆ ಬೂಟ್ ಆಗುವವರೆಗೆ ಮ್ಯಾಜಿಕ್ ಪ್ಯಾಕೆಟ್ ಫಲಿಸುವುದಿಲ್ಲ. ಆದ್ದರಿಂದ ನಮ್ಮ ಕಡೆಗೆ ಒಪ್ಪುವ ಕ್ರಮವೆಂದರೆ ‘ಆನ್ ಆಗಲಿ’ ಎಂಬ ಆಯ್ಕೆ. ಕರೆಂಟ್ ಬಂದಾಗ ಪೆಟ್ಟಿಗೆ ಏಳುತ್ತದೆ, ಅರ್ಧ ಗಂಟೆ ಯಾರೂ ಬಳಸದಿದ್ದರೆ ಸರಿಯಾಗಿ ಕಿವಿ ತೆರೆದಿಟ್ಟು ಮತ್ತೆ ಮಲಗುತ್ತದೆ. ಎಚ್ಚರವಿದ್ದಾಗಲೇ ಕರೆಂಟ್ ಹೋದರೆ ಎಂಬುದಕ್ಕೆ ಯುಪಿಎಸ್ ಬೇಕೇ ಬೇಕು. ಯುಪಿಎಸ್‌ನ ಯುಎಸ್‌ಬಿ ಕೇಬಲ್ ಅನ್ನು ನ್ಯಾಸ್‌ಗೆ ಜೋಡಿಸಿದರೆ ‘ನಟ್’ ಎಂಬ ಉಚಿತ ತಂತ್ರಾಂಶ ಬ್ಯಾಟರಿ ತೀರುವ ಮುನ್ನ ಪೆಟ್ಟಿಗೆಯನ್ನು ಸರಿಯಾಗಿ ಮುಚ್ಚುತ್ತದೆ.

ಆರಿದ ಯಂತ್ರಕ್ಕೆ ಕಳ್ಳರ ಕಾಟವೂ ಕಡಿಮೆ

2021ರ ಜೂನ್‌ನಲ್ಲಿ ‘ಮೈ ಬುಕ್ ಲೈವ್’ ಎಂಬ ಮನೆಬಳಕೆಯ ಸಂಗ್ರಹ ಸಾಧನಗಳ ಮಾಲೀಕರು ಬೆಳಗಾಗುವಷ್ಟರಲ್ಲಿ ತಮ್ಮ ಫೈಲ್‌ಗಳೆಲ್ಲ ಅಳಿಸಿಹೋಗಿರುವುದನ್ನು ಕಂಡರು. ಇಂಟರ್‌ನೆಟ್ ಮೂಲಕ ಯಾರೋ ದೂರದಿಂದಲೇ ಅವನ್ನು ಖಾಲಿ ಮಾಡಿದ್ದರು. 2022ರ ಜನವರಿಯಲ್ಲಿ ‘ಡೆಡ್‌ಬೋಲ್ಟ್’ ಎಂಬ ಸುಲಿಗೆ ತಂತ್ರಾಂಶ, ಇಂಟರ್‌ನೆಟ್‌ಗೆ ತೆರೆದಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ಬೀಗ ಜಡಿದು ಒಬ್ಬೊಬ್ಬರಿಂದ 0.03 ಬಿಟ್‌ಕಾಯಿನ್ ಕೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನೆದರ್‌ಲೆಂಡ್ಸ್ ಪೊಲೀಸರು ಹಣ ಕಳಿಸಿದಂತೆ ಮಾಡಿ, ಕೀಲಿ ಬಂದ ಕೂಡಲೇ ಪಾವತಿ ಹಿಂದಕ್ಕೆ ಪಡೆದು 155 ಕೀಲಿಗಳನ್ನು ಗಿಟ್ಟಿಸಿಕೊಂಡರು. ಉಳಿದ ಎಷ್ಟೋ ಮಂದಿಗೆ ಆ ಅದೃಷ್ಟ ಇರಲಿಲ್ಲ.

ದಿನದ 20 ಗಂಟೆ ಆರಿರುವ ಪೆಟ್ಟಿಗೆ ಆ 20 ಗಂಟೆ ಯಾರ ಹುಡುಕಾಟಕ್ಕೂ ಸಿಗುವುದಿಲ್ಲ. ಉಳಿದ ನಾಲ್ಕು ಗಂಟೆಗೆ ಅದು ರಕ್ಷಣೆಯಲ್ಲ. ತಂತ್ರಾಂಶದ ಅಪ್‌ಡೇಟ್, ಗಟ್ಟಿ ಪಾಸ್‌ವರ್ಡ್, ನೇರವಾಗಿ ಇಂಟರ್‌ನೆಟ್‌ಗೆ ತೆರೆದಿಡದಿರುವುದು, ಬೇರೆಡೆ ಇನ್ನೊಂದು ಪ್ರತಿ, ಇವುಗಳಿಗೆ ಪರ್ಯಾಯವಿಲ್ಲ.

ಯಾರಿಗೆ ಬೇಡ, ಯಾರು ಹೇಗೆ ತೊಡಗಬೇಕು

ಸಿಸಿಟಿವಿ ಕ್ಯಾಮೆರಾಗಳ ಚಿತ್ರಣ ಸದಾ ನ್ಯಾಸ್‌ಗೆ ಹೋಗುತ್ತಿದ್ದರೆ, ಮನೆಯ ದೀಪ–ಗೇಟುಗಳ ನಿಯಂತ್ರಣ ಅದರಲ್ಲೇ ಇದ್ದರೆ ಮಲಗಿಸುವ ಮಾತೇ ಬೇಡ. ಅಂಥ ಕೆಲಸಗಳನ್ನು ಕಡಿಮೆ ವಿದ್ಯುತ್ತಿನ ಬೇರೊಂದು ಸಾಧನಕ್ಕೆ ವಹಿಸಲು ಆಗುತ್ತದೆಯೇ ಎಂದು ಮೊದಲು ನೋಡಬೇಕು. ಎರಡು ಎಸ್‌ಎಸ್‌ಡಿಗಳ, 5 ವಾಟ್‌ನ ಪುಟ್ಟ ಪೆಟ್ಟಿಗೆ ಇದ್ದವರಿಗೆ ಉಳಿಯುವುದು ಅಲ್ಪ. ಇಷ್ಟೆಲ್ಲ ಶ್ರಮ ಪಡುವ ಅಗತ್ಯವಿಲ್ಲ. ಹಳೆಯ ಡೆಸ್ಕ್‌ಟಾಪ್ ಅಥವಾ ನಾಲ್ಕು ಹಾರ್ಡ್ ಡಿಸ್ಕ್‌ಗಳ ಪೆಟ್ಟಿಗೆ ಇದ್ದವರಿಗೆ ಮಾತ್ರ ಇದು ಖಂಡಿತ ಮಾಡಿ ನೋಡುವಂಥದ್ದು.

ತೊಡಗುವ ಮುನ್ನ ಪ್ಲಗ್‌ಗೆ ಸಿಕ್ಕಿಸುವ ವಾಟ್ ಮೀಟರ್‌ನಿಂದ ಒಂದು ವಾರದ ಬಳಕೆ ಅಳೆದುಕೊಳ್ಳಬೇಕು. ಆಮೇಲೆ ಎಣಿಕೆ ಮಾಡುವ ತಂತ್ರಾಂಶವನ್ನು ನಿಜಕ್ಕೂ ಆರಿಸದೆ, ‘ಈಗ ಆರಿಸುತ್ತಿದ್ದೆ’ ಎಂದು ಲಾಗ್ ಮಾತ್ರ ಬರೆಯುವಂತೆ ಒಂದು ವಾರ ಬಿಟ್ಟರೆ, ಎಲ್ಲಿ ಅವಸರ ಮಾಡಿತು, ಯಾವ ಆ್ಯಪ್ ಅದನ್ನು ತಡೆಯಿತು ಎಂಬುದು ಬಯಲಾಗುತ್ತದೆ. ಎಬ್ಬಿಸುವ ಗುಂಡಿ ಮನೆಯ ಎಲ್ಲರ ಫೋನಿನಲ್ಲೂ ಕೆಲಸ ಮಾಡುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ನಿಜವಾದ ಶಟ್‌ಡೌನ್ ಚಾಲೂ ಮಾಡಬೇಕು.

ಒಂದು ತಿಂಗಳು ಕಳೆದ ಮೇಲೆ ಮೂರು ಅಂಕಿ ನೋಡಬೇಕು. ಮೀಟರಿನ ಯೂನಿಟ್ ಎಷ್ಟು ಇಳಿದಿದೆ, ಡಿಸ್ಕ್‌ನ ಆರೋಗ್ಯ ತಿಳಿಸುವ ‘ಸ್ಮಾರ್ಟ್’ ವರದಿಯಲ್ಲಿ ಆರಂಭ–ನಿಲುಗಡೆಯ ಎಣಿಕೆ ಎಷ್ಟು ಏರಿದೆ, ಕೊನೆಯ ಸ್ಕ್ರಬ್ ಮತ್ತು ಬ್ಯಾಕಪ್ ಮುಗಿದ ದಿನಾಂಕ ಯಾವುದು. ಎಣಿಕೆ ತಿಂಗಳಿಗೆ ನೂರರ ಒಳಗಿದ್ದರೆ ಕಾಯುವ ಅವಧಿ ಸರಿಯಿದೆ; ಇನ್ನೂರು ಮುನ್ನೂರು ದಾಟಿದ್ದರೆ ಅದನ್ನು ಹೆಚ್ಚಿಸಬೇಕು. ಮೂರನೆಯ ಅಂಕಿ ಕಳೆದ ತಿಂಗಳ ದಿನಾಂಕವನ್ನೇ ತೋರಿಸುತ್ತಿದ್ದರೆ, ಮೀಟರ್ ಎಷ್ಟೇ ಉಳಿಸಿರಲಿ, ಅಲಾರಂ ಇಟ್ಟು ಆ ಭಾನುವಾರದ ತಪಾಸಣೆಯನ್ನು ಮೊದಲು ಮಾಡಿಸಬೇಕು.